ಫ್ರೀಮಾಂಟಿನ ಹಗಲು: ಕಾರು ಕೇಳದೆ ಎಲ್ಲಿಗೆ ಹೋಗಬಹುದು?

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಮಗನ ಮನೆಗೆ ಬಂದಿರುವ ನಮ್ಮಂಥ ನಿವೃತ್ತರಿಗೆ ಶನಿವಾರ, ಭಾನುವಾರದ ಚಿಂತೆಯಿಲ್ಲ. ದೇವಸ್ಥಾನ, ಕಾಸ್ಟ್‌ಕೋ ಅಂಗಡಿ, ಯಾರದಾದರೂ ಮನೆಯ ಸತ್ಯನಾರಾಯಣ ಪೂಜೆ, ಹೇಗೋ ಕಳೆಯುತ್ತದೆ. ಕಷ್ಟವಿರುವುದು ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ. ಮಗ-ಸೊಸೆ ಆಫೀಸಿಗೆ, ಮೊಮ್ಮಗಳು ಶಾಲೆಗೆ, ಬೀದಿಯಲ್ಲಿ ನರಪಿಳ್ಳೆಯೂ ಇಲ್ಲ. ಎಂಟೂವರೆಯಿಂದ ಎರಡೂವರೆವರೆಗಿನ ಆ ಹೊತ್ತಿಗೆ ಇರುವ ದಾರಿಗಳನ್ನು ನಾನೂ ನಮ್ಮ ಯಜಮಾನರೂ ಒಂದೊಂದಾಗಿ ಹಿಡಿದು ನೋಡಿದ್ದೇವೆ. ನನ್ನ ಅಳತೆಗೋಲು ಒಂದೇ: ಯಾರ ಹತ್ತಿರವೂ ಕಾರು ಕೇಳದೆ ಹೋಗಿ ಬರಬಹುದಾ?

ಮೊದಲನೆಯದು ಎಲ್ಲರಿಗೂ ಗೊತ್ತಿರುವ ಎಲಿಜಬೆತ್ ಕೆರೆ. ಊರ ನಡುವಿನ ಸೆಂಟ್ರಲ್ ಪಾರ್ಕಿನಲ್ಲಿದೆ. ಸುತ್ತು ಹಾಕಿದರೆ ಎರಡು ಮೈಲಿ, ಅಂದರೆ ಮೂರು ಕಿಲೋಮೀಟರಿಗೆ ಸ್ವಲ್ಪ ಮೇಲೆ. ದಾರಿ ಸಮತಟ್ಟು, ಮಂಡಿಗೆ ತೊಂದರೆಯಿಲ್ಲ. ಪೂರ್ವಕ್ಕೆ ಮಿಷನ್ ಪೀಕ್ ಬೆಟ್ಟ ಕಾಣುತ್ತದೆ. ಕೆನಡಾ ಬಾತುಗಳ ಹಿಂಡು ದಾರಿಯುದ್ದಕ್ಕೂ ಗಲೀಜು ಮಾಡಿರುತ್ತದೆ, ನೆಲ ನೋಡಿಕೊಂಡೇ ನಡೆಯಬೇಕು. ಆದರೆ ಜನ ಅಲ್ಲಿಗೆ ಹೋಗುವುದು ನೀರು ನೋಡಲಿಕ್ಕಲ್ಲ. ಬೆಳಗ್ಗೆ ಒಂಬತ್ತರ ಮೇಲೆ ಸ್ವೆಟರ್, ಮಂಕಿ ಕ್ಯಾಪ್, ಸ್ಪೋರ್ಟ್ಸ್ ಶೂ ಹಾಕಿಕೊಂಡ ಅಜ್ಜ-ಅಜ್ಜಿಯರು ಪಂಜಾಬಿ, ಗುಜರಾತಿ, ತೆಲುಗು, ತಮಿಳು ಮಾತಾಡಿಕೊಂಡು ಹೊರಡುತ್ತಾರೆ. ಕನ್ನಡ ಕಿವಿಗೆ ಬಿತ್ತೆಂದರೆ ಮುಗಿಯಿತು, ನಿಂತೇ ನಿಲ್ಲುತ್ತೇವೆ. "ಯಾವೂರಮ್ಮ? ಮಗನ ಮನೇನಾ, ಮಗಳ ಮನೇನಾ? ವಾಪಸ್ ಯಾವಾಗ?" ಈ ಮೂರು ಪ್ರಶ್ನೆ ಆದ ಮೇಲೇ ಹೆಸರು ಕೇಳುವುದು.

ಆ ಮೂರನೆಯ ಪ್ರಶ್ನೆಯಲ್ಲೇ ಕೆರೆ ಸ್ನೇಹದ ದೌರ್ಬಲ್ಯವೂ ಇದೆ. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳು ಇರಲು ಬಿಡುತ್ತಾರೆ. ಮಾತು ಹದಕ್ಕೆ ಬಂದು, ಸೊಸೆಯ ವಿಷಯ ಬಾಯಿಬಿಟ್ಟು ಹೇಳಿಕೊಳ್ಳುವಷ್ಟು ಸಲುಗೆ ಬೆಳೆಯುವ ಹೊತ್ತಿಗೆ ಅವರ ಸೂಟ್‌ಕೇಸ್ ತೂಕ ನೋಡುವ ದಿನ ಬಂದಿರುತ್ತದೆ. ಜೊತೆಗೆ ಮಳೆ. ಇಲ್ಲಿ ಮಳೆಗಾಲ ನಮ್ಮದಕ್ಕೆ ತಿರುಗುಮುರುಗು, ನವೆಂಬರಿನಿಂದ ಮಾರ್ಚ್‌ವರೆಗೆ. ಆಗ ಕೆರೆ ದಂಡೆಯ ಗುಂಪು ಅರ್ಧಕ್ಕರ್ಧ ಕರಗುತ್ತದೆ.

ಅದಕ್ಕೆ ಹೋಲಿಸಿದರೆ ಲೈಬ್ರರಿಗೆ ಮಳೆಯೂ ಇಲ್ಲ, ವೀಸಾವೂ ಇಲ್ಲ. ಸ್ಟೀವನ್‌ಸನ್ ರಸ್ತೆಯಲ್ಲಿರುವ ಫ್ರೀಮಾಂಟಿನ ಮುಖ್ಯ ಗ್ರಂಥಾಲಯ ಅಲಮೇಡಾ ಕೌಂಟಿಯದು. ಪಾರ್ಕಿಗೆ ಹತ್ತಿರವೇ ಇರುವುದರಿಂದ ಅರ್ಧ ಸುತ್ತು ನಡೆದು ಅಲ್ಲಿಗೆ ಹೋಗಿ ಕೂರಬಹುದು. ಕಾರ್ಡು ಇಲ್ಲದಿದ್ದರೂ ಒಳಗೆ ಕೂತು ಓದಲು ಯಾರೂ ಏನೂ ಕೇಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ವಾಸವಿರುವವರಿಗೆ ಕಾರ್ಡು ಉಚಿತ. ಚೊಕ್ಕ ಶೌಚಾಲಯವಿದೆ. ನಮ್ಮ ವಯಸ್ಸಿನಲ್ಲಿ ಇದನ್ನೂ ಹೋಲಿಕೆಗೆ ಸೇರಿಸಲೇಬೇಕು, ಯಾರೂ ಬರೆಯುವುದಿಲ್ಲ ಅಷ್ಟೆ.

ನನಗೆ ಹೆಚ್ಚು ಒದಗಿದ್ದು ಪುಸ್ತಕವಲ್ಲ, ಇಲ್ಲಿನ ಲೈಬ್ರರಿಗಳಲ್ಲಿ ನಡೆಯುವ ಇಂಗ್ಲಿಷ್ ಮಾತುಕತೆಯ ಕೂಟ. ಸುತ್ತ ಕುರ್ಚಿ ಹಾಕಿಕೊಂಡು ಮಾತಾಡುವುದು, ಪರೀಕ್ಷೆಯಿಲ್ಲ, ಶುಲ್ಕವಿಲ್ಲ. ನನ್ನ ಪಕ್ಕ ಒಬ್ಬ ಚೀನೀ ಅಜ್ಜಿ, ಎದುರಿಗೆ ಆಫ್ಘಾನಿಸ್ತಾನದ ಯಜಮಾನರು. (ಫ್ರೀಮಾಂಟ್‌ನಲ್ಲಿ ಆಫ್ಘನ್ನರ ಸಂಖ್ಯೆ ದೊಡ್ಡದು, ಒಂದು ಬಡಾವಣೆಗೆ ಲಿಟಲ್ ಕಾಬೂಲ್ ಅಂತಲೇ ಹೆಸರು.) ಮೂವರ ಇಂಗ್ಲಿಷೂ ಮೂರು ದಿಕ್ಕಿಗೆ. ಆದರೂ ಮೊಮ್ಮಕ್ಕಳು ಊಟದ ಡಬ್ಬಿ ತುಂಬಿದ್ದು ತುಂಬಿದ ಹಾಗೇ ವಾಪಸ್ ತರುತ್ತಾರೆ ಅನ್ನುವ ದೂರು ಮೂವರದೂ ಒಂದೇ. ಕೆರೆಯ ಹತ್ತಿರ ನನಗೆ ಸಿಗುವುದು ನನ್ನಂಥವರು. ಇಲ್ಲಿ ಸಿಗುವುದು ನನ್ನಂತೆ ಇಲ್ಲದವರು. ಮನೆಗೆ ಬಂದು ಸೊಸೆಗೆ ಹೇಳಲು ಏನಾದರೂ ಇರುತ್ತದೆ. ಮೊದಲು ಅವಳು ಹೇಳುವುದು, ನಾವು ಕೇಳುವುದು ಮಾತ್ರ ಇತ್ತು.

ನಮ್ಮ ಯಜಮಾನರಿಗೆ ಈ ಕೂಟ ಸೇರಲಿಲ್ಲ. "ಮೂವತ್ತು ವರ್ಷ ಇಂಗ್ಲಿಷ್‌ನಲ್ಲೇ ಫೈಲು ಬರೆದವನಿಗೆ ಈಗ ಹೌ ಆರ್ ಯೂ ಕಲಿಸ್ತಾರಾ?" ಅಂದರು. ಅವರಿಗೆ ಹಿಡಿಸಿದ್ದು ಕೆರೆ ಪಕ್ಕದ ಏಜ್ ವೆಲ್ ಸೆಂಟರ್, ನಗರಾಡಳಿತ ಹಿರಿಯರಿಗೆಂದು ನಡೆಸುವ ಜಾಗ. ವ್ಯಾಯಾಮ, ಇಸ್ಪೀಟು, ಕರಕುಶಲ ಎಲ್ಲವೂ ಗಂಟೆ ಲೆಕ್ಕದಲ್ಲಿ. ಇಂಥ ಕೇಂದ್ರಗಳಲ್ಲಿ ಮಧ್ಯಾಹ್ನದ ಊಟ ಹಾಕುವುದರ ಹಿಂದೆ ಅಮೆರಿಕ ಸರ್ಕಾರದ 1965ರ ಕಾಯ್ದೆಯೊಂದಿದೆ. ಅದರ ಪ್ರಕಾರ 60 ದಾಟಿದವರಿಗೆ ಊಟ, ಬೆಲೆಯ ಬದಲು "ಇಷ್ಟು ಕೊಟ್ಟರೆ ಒಳ್ಳೆಯದು" ಅನ್ನುವ ದೇಣಿಗೆ. ಊಟ ಅಂದ ಕೂಡಲೇ ಆಸೆ ಬೇಡ. ಸಸ್ಯಾಹಾರಿಗಳು ಮೊದಲೇ ವಿಚಾರಿಸಿಕೊಂಡು ಹೋಗಬೇಕು. ನಾನು ಚಿತ್ರಾನ್ನ ಕಟ್ಟಿಕೊಂಡೇ ಹೋಗುತ್ತಿದ್ದೆ. ಲೈಬ್ರರಿಗಿಂತ ಇಲ್ಲಿ ಶಿಸ್ತು ಹೆಚ್ಚು: ಹೆಸರು ಬರೆಸಬೇಕು, ಹೊತ್ತಿಗೆ ಹೋಗಬೇಕು. ನೌಕರಿ ಬಿಟ್ಟ ಮೇಲೆ ಹಾಜರಿ ಪುಸ್ತಕವಿಲ್ಲದೆ ಚಡಪಡಿಸುವ ಗಂಡಸರಿಗೆ ಇದೇ ಔಷಧ. ಗ್ರೀನ್ ಕಾರ್ಡ್ ಪಡೆದು ಇಲ್ಲೇ ನಿಂತವರು ಹೆಚ್ಚಾಗಿ ಬರುವುದರಿಂದ, ಇಂದು ಕಂಡ ಮುಖ ಮುಂದಿನ ವರ್ಷವೂ ಕಾಣುತ್ತದೆ. ಕೆರೆ ದಂಡೆಗೆ ಈ ಭರವಸೆಯಿಲ್ಲ.

ದೇವಸ್ಥಾನದ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಫ್ರೀಮಾಂಟ್‌ನಲ್ಲೇ ದೇವಸ್ಥಾನವಿದೆ. ಲಿವರ್‌ಮೋರ್‌ನ ಶಿವ-ವಿಷ್ಣು ದೇವಾಲಯ ಈ ಭಾಗಕ್ಕೆಲ್ಲ ದೊಡ್ಡದು. ಸ್ಯಾನ್ ಹೋಸೆಯಲ್ಲಿ ಉಡುಪಿಯ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನವಿದೆ, ಅಲ್ಲಿ ಕಾಲಿಟ್ಟರೆ ಕನ್ನಡ, ತುಳು ಕೇಳಿಸುತ್ತದೆ. ಹೂ ಕಟ್ಟಿ, ತರಕಾರಿ ಹೆಚ್ಚಿಕೊಟ್ಟು ಅರ್ಧ ದಿನ ಕಳೆದರೆ ಮನಸ್ಸು ತುಂಬುತ್ತದೆ, ಸುಳ್ಳಲ್ಲ. ಸಂಬಳದ ಕೆಲಸ ಮಾಡುವಂತಿಲ್ಲದ ವೀಸಾದವರಿಗೆ ಕೈಗೆ ಕೆಲಸ ಅಂತ ಸಿಗುವುದು ಇಂಥ ಸೇವೆಯಲ್ಲೇ. ಆದರೆ ಲಿವರ್‌ಮೋರ್‌ಗೂ ಸ್ಯಾನ್ ಹೋಸೆಗೂ ಯಾರಾದರೂ ಕಾರಲ್ಲಿ ಬಿಡಬೇಕು, ಮತ್ತೆ ಕರೆತರಬೇಕು. ಮಂಗಳವಾರ ಹತ್ತು ಗಂಟೆಗೆ ಯಾರು ಬರುತ್ತಾರೆ? ಹಾಗಾಗಿ ಆ ದೇವಸ್ಥಾನಗಳು ವಾರಾಂತ್ಯದ ಲೆಕ್ಕಕ್ಕೆ. ಮಿಲ್ಪಿಟಾಸ್‌ನ ಇಂಡಿಯಾ ಕಮ್ಯುನಿಟಿ ಸೆಂಟರಿಗೂ ಇದೇ ಮಾತು.

ಬಸ್ಸು, ರೈಲು ಇಲ್ಲವೇ ಅಂತ ಕೇಳುವವರಿಗೆ: ಇದೆ. 65 ದಾಟಿದವರು ಪಾಸ್‌ಪೋರ್ಟ್ ತೋರಿಸಿ ಹಿರಿಯರ ಕ್ಲಿಪ್ಪರ್ ಕಾರ್ಡ್ (ಬಸ್ಸು, ರೈಲಿನ ಟಿಕೆಟ್ಟಿಗೆ ಬಳಸುವ ಕಾರ್ಡು) ಮಾಡಿಸಿಕೊಂಡರೆ ಈ ಭಾಗದ ಊರುಗಳ ನಡುವೆ ಓಡುವ ಬಾರ್ಟ್ ರೈಲಿನಲ್ಲಿ ಶೇ 62.5ರಷ್ಟು ರಿಯಾಯಿತಿ. ಬಂದ ವಾರದಲ್ಲೇ ಮಾಡಿಸಿಕೊಳ್ಳಿ. ರೈಲು ಸಲೀಸು. ಬಸ್ಸಿಗೆ ತಾಳ್ಮೆ ಬೇಕು, ಒಂದು ತಪ್ಪಿದರೆ ಇನ್ನೊಂದಕ್ಕೆ ಬಹಳ ಹೊತ್ತು ಕಾಯಬೇಕಾಗುತ್ತದೆ.

ಟಿವಿ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬೇಸಿಗೆಯಲ್ಲಿ ಭಾರತ ನಮಗಿಂತ ಹನ್ನೆರಡೂವರೆ ಗಂಟೆ ಮುಂದೆ. ಊರಿನ ಸಂಜೆ ಏಳೂವರೆಯ ಐಪಿಎಲ್ ಇಲ್ಲಿ ಬೆಳಗಿನ ಏಳಕ್ಕೆ, ಕಾಫಿ ಜೊತೆಗೇ ಶುರು. ಬೆಳಗ್ಗೆ ಟಿವಿ ಮುಂದೆ ಕೂತವರು ಹನ್ನೊಂದರವರೆಗೆ ಏಳುವುದಿಲ್ಲ, ಅಷ್ಟರಲ್ಲಿ ಊರಿನವರೆಲ್ಲ ಮಲಗುವ ಹೊತ್ತು, ಫೋನ್ ಮಾಡಲೂ ಯಾರೂ ಇಲ್ಲ.

ನಾನು ಎಣಿಸದೆ ಇದ್ದ ದಾರಿ ಸಿಕ್ಕಿದ್ದು ಮಳೆಗಾಲದಲ್ಲಿ: ಕನ್ನಡ ವಿಕಿಸೋರ್ಸ್, ಹಳೆಯ ಪುಸ್ತಕಗಳನ್ನು ಸ್ವಯಂಸೇವಕರು ತಿದ್ದಿ ಎಲ್ಲರಿಗೂ ಓದಲು ಇಡುವ ಜಾಲತಾಣ. ಹಳೆಯ ಪುಸ್ತಕದ ಪುಟದ ಚಿತ್ರ ಒಂದು ಕಡೆ, ಕಂಪ್ಯೂಟರ್ ಓದಿದ ಅಕ್ಷರ ಇನ್ನೊಂದು ಕಡೆ. ಒತ್ತಕ್ಷರ, ದೀರ್ಘ ಎಲ್ಲಿ ಜಾರಿದೆ ನೋಡಿ ತಿದ್ದಬೇಕು. ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದರೆ ಹಳದಿ, ಇನ್ನೊಬ್ಬರು ನೋಡಿ ಒಪ್ಪಿದರೆ ಹಸಿರು. ನಾನು ತಿದ್ದಿದ್ದನ್ನು ನಾನೇ ಹಸಿರು ಮಾಡುವಂತಿಲ್ಲ, ಅದು ನನಗೆ ಬಹಳ ಹಿಡಿಸಿತು. ಹೈಸ್ಕೂಲಿನಲ್ಲಿ ಕನ್ನಡ ಉತ್ತರಪತ್ರಿಕೆ ತಿದ್ದಿದ ಕೈಗೆ ಇದು ಹೊಸ ಕೆಲಸವೇನೂ ಅಲ್ಲ. ಸಂಬಳವಿಲ್ಲ, ಕಾರು ಬೇಡ, ಊರಿಗೆ ಹೋದ ಮೇಲೂ ಮುಂದುವರಿಸಬಹುದು. ಮೇಲಿನ ಯಾವುದಕ್ಕೂ ಈ ಕೊನೆಯ ಗುಣವಿಲ್ಲ. ಕೊರತೆಯೆಂದರೆ, ಮಾತಾಡಲು ಎದುರಿಗೆ ಮನುಷ್ಯರಿಲ್ಲ, ಕಣ್ಣು ಉರಿಯುತ್ತದೆ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ.

ಬೇಸಿಗೆಗೆ ಬಂದವರಿಗೆ ನನ್ನ ಸಲಹೆ ಕೆರೆ ಮತ್ತು ಲೈಬ್ರರಿ, ಒಂದರ ಬೆನ್ನಿಗೆ ಇನ್ನೊಂದು, ಒಂದೇ ಬೆಳಗ್ಗೆ. ಚಳಿಗಾಲಕ್ಕೆ ಬಂದವರಿಗೆ ಲೈಬ್ರರಿ, ಉಳಿದದ್ದು ವಿಕಿಸೋರ್ಸ್. ವರ್ಷಗಟ್ಟಲೆ ಇರುವವರು ಏಜ್ ವೆಲ್ ಸೆಂಟರಿಗೆ ಹೆಸರು ಬರೆಸಿ. ನಮ್ಮ ಯಜಮಾನರ ಪಟ್ಟಿ ಬೇರೆ: ಮೊದಲು ಇಸ್ಪೀಟು, ಆಮೇಲೆ ಐಪಿಎಲ್. ಲೈಬ್ರರಿಗೆ ಅವರು ಬರುವುದು ನನ್ನ ಪುಸ್ತಕದ ಚೀಲ ಹೊರಲು.