327 ಎಂಜಿನ್ನಿಗೆ ಮೂರು ಷೆವ್ರೊಲೆ ಕ್ಯಾಮ್‌ಗಳು: 151, 30-30 ಮತ್ತು 178

ಷೆವ್ರೊಲೆ ಸ್ಮಾಲ್ ಬ್ಲಾಕ್ ವಿ8 ಎಂಜಿನ್ನಿಗೆ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆದು ಮುಚ್ಚುವ ದಂಡ, ಚಿಕ್ಕದಾಗಿ ಕ್ಯಾಮ್) ಆರಿಸುವವರು ಮೊದಲು ವಿಚಾರಿಸುವುದು ಲಿಫ್ಟ್, ಅಂದರೆ ವಾಲ್ವಿನ ಏರಿಕೆ, ಎಷ್ಟು ಎಂದು. ಆ ಕ್ಯಾಮ್ ಯಾವ ಎಂಜಿನ್ನಿಗಾಗಿ ತಯಾರಾಯಿತು ಎಂದು ಕೇಳುವವರು ಕಡಿಮೆ. ಡೆಟ್ರಾಯ್ಟ್ ಹೊರವಲಯದ ನಮ್ಮ ಗ್ಯಾರೇಜಿನಲ್ಲಿ, 1967ರ ಕಮಾರೊ ಕಾರಿನ 327 ಘನ ಇಂಚಿನ ಎಂಜಿನ್ನಿಗೆ ಕಾರ್ಖಾನೆಯ ಹಳೆಯ ಅಳತೆಗಳಂತೆಯೇ ಈಗ ತಯಾರಾಗುವ ಮೂರು ಕ್ಯಾಮ್‌ಗಳನ್ನು ಒಂದಾದ ಮೇಲೊಂದರಂತೆ ಹಾಕಿ ಓಡಿಸಿದ ನನಗೆ ಎರಡನೆಯ ಪ್ರಶ್ನೆಯೇ ಮುಖ್ಯವೆನಿಸಿದೆ. ಕಾರ್ಬ್ಯುರೇಟರ್, ಎಕ್ಸಾಸ್ಟ್, ನಾಲ್ಕು ಗೇರಿನ ಗೇರ್‌ಬಾಕ್ಸ್, 3.55 ಅನುಪಾತದ ಹಿಂದಿನ ಆಕ್ಸಲ್ ಇವು ಯಾವುವನ್ನೂ ಬದಲಿಸಲಿಲ್ಲ. ಕ್ಯಾಮ್, ಅದರ ಏರಿಳಿತವನ್ನು ವಾಲ್ವ್‌ಗಳ ಕಡೆಗೆ ಒಯ್ಯುವ ಹೊಸ ಲಿಫ್ಟರ್‌ಗಳು (ಟ್ಯಾಪೆಟ್‌ಗಳು), ಐಡ್ಲಿಂಗ್ ಮತ್ತು ಇಗ್ನಿಷನ್ ಟೈಮಿಂಗ್ ಮಾತ್ರ ಬದಲಾದವು.

151 ಎಂದು ಕರೆಯಲಾಗುವ ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ಟ್ಯಾಪೆಟ್ ಸಂದನ್ನು ತಾನೇ ಸರಿಪಡಿಸಿಕೊಳ್ಳುವ) ಕ್ಯಾಮ್ 1965ರಲ್ಲಿ 350 ಅಶ್ವಶಕ್ತಿಯ ಎಲ್79 ಎಂಜಿನ್ನಿನೊಂದಿಗೆ ಬಂತು. ಲಿಫ್ಟರ್ 0.050 ಇಂಚು ಏರಿದಲ್ಲಿಂದ ಅಳೆದರೆ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಎರಡರ ಅವಧಿಯೂ (ವಾಲ್ವ್ ತೆರೆದಿರುವಾಗ ಕ್ರ್ಯಾಂಕ್ ತಿರುಗುವಷ್ಟು) 222 ಡಿಗ್ರಿ, ಲಿಫ್ಟ್ 0.447 ಇಂಚು, ಲೋಬ್‌ಗಳ (ಕ್ಯಾಮ್ ಮೇಲಿನ ಉಬ್ಬುಗಳ) ನಡುವಿನ ಕೋನ 114 ಡಿಗ್ರಿ. ಅದು 327ಕ್ಕೆಂದೇ ತಯಾರಾದದ್ದು ಓಡಿಸುವಾಗ ತಿಳಿಯುತ್ತದೆ: ಸಿಗ್ನಲ್ಲಿನಲ್ಲಿ ತುಸು ಗುಡುಗುಡು ಎನ್ನುತ್ತದೆಯೇ ಹೊರತು ನಿಲ್ಲುವುದಿಲ್ಲ, 2000 ಆರ್‌ಪಿಎಂ ದಾಟುತ್ತಲೇ ಪಿಕಪ್ ಸಿಗುತ್ತದೆ, ಟ್ಯಾಪೆಟ್ ಸೆಟ್ ಮಾಡುವ ಗೋಜಿಲ್ಲ. ಆದರೆ 5500ರ ಮೇಲೆ ಅದಕ್ಕೆ ದಮ್ಮಿಲ್ಲ.

ಷೆವ್ರೊಲೆ ಎಂಜಿನಿಯರ್ ಡಂಟೊವ್ ಹೆಸರಿನ 30-30 ಕ್ಯಾಮ್ 1964ರ ಕಾರ್ವೆಟ್‌ನ 365 ಅಶ್ವಶಕ್ತಿಯ 327ರಲ್ಲಿ ಕಾಣಿಸಿಕೊಂಡಿತಾದರೂ ಅದಕ್ಕೆ ಹೆಸರು ತಂದದ್ದು 1967ರಿಂದ 1969ರವರೆಗಿನ ಜ಼ೆಡ್/28 ಕಮಾರೊ. ಅಮೆರಿಕದ ಟ್ರಾನ್ಸ್-ಆಮ್ ಕಾರು ಪಂದ್ಯಗಳಲ್ಲಿ ಎಂಜಿನ್ 305 ಘನ ಇಂಚು ಮೀರಬಾರದೆಂಬ ನಿಯಮವಿದ್ದುದರಿಂದ, 4 ಇಂಚಿನ ಬೋರ್ (ಸಿಲಿಂಡರಿನ ವ್ಯಾಸ) ಉಳಿಸಿಕೊಂಡು 3 ಇಂಚಿನ ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಇಟ್ಟು 302 ಘನ ಇಂಚಿನ ಎಂಜಿನ್ ಕಟ್ಟಲಾಯಿತು. ಮೇಲ್ಮಟ್ಟದ ಆರ್‌ಪಿಎಂನಲ್ಲೇ ಬದುಕುವ ಅಂಥ ಎಂಜಿನ್ನಿಗೆ 254 ಡಿಗ್ರಿಯ ಅವಧಿ, 0.485 ಇಂಚಿನ ಲಿಫ್ಟ್ ಸರಿಯೇ. ನನ್ನ ಕಾರಿನಲ್ಲಿ ಅದು 3000ದ ಕೆಳಗೆ ಮುಖ ಸಿಂಡರಿಸಿತು. ಕೋನ 151ರಂತೆ 114 ಡಿಗ್ರಿಯೇ ಆದರೂ, 0.050 ಇಂಚಿನಲ್ಲಿ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಅವಧಿ ಇಲ್ಲಿ 26 ಡಿಗ್ರಿ. 151ರಲ್ಲಿ ಅದೇ ಲೆಕ್ಕ ಸೊನ್ನೆಗಿಂತ 6 ಡಿಗ್ರಿ ಕಡಿಮೆ. ಐಡ್ಲಿಂಗಿನಲ್ಲಿ ವ್ಯಾಕ್ಯೂಮ್ ಗೇಜಿನ ಮುಳ್ಳು ಒಂದೆಡೆ ನಿಲ್ಲದೆ ಅದುರುತ್ತಿದ್ದುದಕ್ಕೆ ಇದೇ ಕಾರಣ. ಇದು ಹೈಡ್ರಾಲಿಕ್ ಅಲ್ಲವಾದ್ದರಿಂದ, ಎಂಜಿನ್ ಬಿಸಿಯಾಗಿರುವಾಗ 0.030 ಇಂಚಿನ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ವಾಲ್ವ್ ಒತ್ತುವ ಹದಿನಾರು ರಾಕರ್‌ಗಳನ್ನೂ ಸೆಟ್ ಮಾಡಬೇಕು. ಅಷ್ಟು ಮಾಡಿದರೂ ಹೊಲಿಗೆ ಯಂತ್ರದಂತೆ ಟಕಟಕ ಸದ್ದು ಇದ್ದೇ ಇರುತ್ತದೆ. ನಿಜ ಹೇಳಬೇಕೆಂದರೆ, 5000 ದಾಟಿದ ಮೇಲಿನ ಅದರ ಆರ್ಭಟ ಕೇಳಿದಾಗ ಈ ದೂರುಗಳೆಲ್ಲ ಕೆಲಹೊತ್ತು ಮರೆತುಹೋಗುತ್ತವೆ.

178 ಬಂದದ್ದು 1970ರ ಎಲ್‌ಟಿ-1 ಎಂಜಿನ್ನಿಗೆ. 3.48 ಇಂಚಿನ ಸ್ಟ್ರೋಕಿನ ಆ 350ಕ್ಕಾಗಿ 30-30ರ ಎಕ್ಸಾಸ್ಟ್ ಲೋಬನ್ನು ಹಾಗೆಯೇ ಇಟ್ಟುಕೊಂಡು, ಇನ್‌ಟೇಕ್ ಅವಧಿಯನ್ನು 242 ಡಿಗ್ರಿಗೂ ಲಿಫ್ಟನ್ನು 0.459 ಇಂಚಿಗೂ ಇಳಿಸಿ, ಕೋನವನ್ನು 116ಕ್ಕೆ ಹಿಗ್ಗಿಸಿದರು. ಒಟ್ಟಿಗೆ ತೆರೆದಿರುವ ಅವಧಿ 16 ಡಿಗ್ರಿಗೆ ಇಳಿಯಿತು. ಕಾಗದದಲ್ಲಿ ಚಿಕ್ಕದೆನಿಸುವ ಈ ತಿದ್ದುಪಡಿ ರಸ್ತೆಯಲ್ಲಿ ದೊಡ್ಡದು: ಮೂರನೆಯ ಗೇರಿನಲ್ಲಿ 2500ರಿಂದಲೇ ಕಾರು ತಡವರಿಸದೆ ಎಳೆಯುತ್ತದೆ, 6000ದಲ್ಲೂ ಸುಸ್ತಾಗುವುದಿಲ್ಲ. ಟ್ಯಾಪೆಟ್ ಕೆಲಸವೇನೋ ತಪ್ಪಿದ್ದಲ್ಲ, ಇನ್‌ಟೇಕ್‌ಗೆ 0.024, ಎಕ್ಸಾಸ್ಟ್‌ಗೆ 0.030 ಇಂಚು ಎಂದು ಎರಡು ಗೇಜ್ ಹಿಡಿಯಬೇಕು.

ನನ್ನ ಎಂಜಿನ್ನಿನಲ್ಲಿ ಉಳಿದದ್ದು 178. ದಿನವೂ ಓಡಾಡುವ, ಪವರ್ ಬ್ರೇಕಿಗೆ ವ್ಯಾಕ್ಯೂಮ್ ಬೇಕಾಗುವ ಕಾರಾದರೆ 151 ಸಾಕು. 30-30ನ್ನು 302 ಇರುವವರಿಗೆ, ಇಲ್ಲವೇ ಆಕ್ಸಲ್ ಅನುಪಾತವನ್ನು 4ರ ಮೇಲೇರಿಸಲು ಸಿದ್ಧರಿರುವವರಿಗೆ ಮಾತ್ರ ಹೇಳುತ್ತೇನೆ. ಮೂರೂ ಫ್ಲ್ಯಾಟ್ ಟ್ಯಾಪೆಟ್ (ಲೋಬ್ ಮೇಲೆ ಟ್ಯಾಪೆಟ್ ಉರುಳದೆ ಉಜ್ಜುವ) ಕ್ಯಾಮ್‌ಗಳಾದ್ದರಿಂದ, ಯಾವುದನ್ನೇ ಹಾಕಿದರೂ ಜ಼ಿಂಕ್ ಅಂಶ ಹೆಚ್ಚಿರುವ ಬ್ರೇಕ್-ಇನ್ ಆಯಿಲ್ ತುಂಬಿ, ಎಂಜಿನ್ ಚಾಲೂ ಆದೊಡನೆ ಐಡ್ಲಿಂಗಿಗೆ ಬಿಡದೆ ಸುಮಾರು 20 ನಿಮಿಷ 2000 ಆರ್‌ಪಿಎಂ ಮೇಲೆಯೇ ಓಡಿಸಬೇಕು. ಇಲ್ಲವಾದರೆ ಹೊಸ ಲೋಬ್ ಮೊದಲ ದಿನವೇ ಸವೆದುಹೋಗಬಹುದು.