ಬೀರುವಿಗೆ ಅಂಟಿದ ಎ ಬಿ ಸಿ ಡಿ: ಎಂಟು ತಿಂಗಳು ಬಳಸಿದ ಒಂದು ಫೋನಿಕ್ಸ್ ಪೆಟ್ಟಿಗೆ

ಜೂನ್‌ನಲ್ಲಿ ಶಾಲೆ ಶುರುವಾದ ವಾರ ದಾವಣಗೆರೆಯ ಮಂಡಿಪೇಟೆಯಲ್ಲಿ ಇಂಗ್ಲಿಷ್ ಓದು ಕಲಿಸುವ ಈ ಪೆಟ್ಟಿಗೆ ತಗೊಂಡೆ. ಮೇಲೆ 2,400 ರೂಪಾಯಿ ಅಂತ ಅಚ್ಚಾಗಿತ್ತು. ಚೌಕಾಸಿ ಮಾಡಿದ ಮೇಲೆ 1,950ಕ್ಕೆ ಕೊಟ್ಟರು. ಶಾಲೆಯ ದುಡ್ಡಲ್ಲ, ನನ್ನ ಸಂಬಳದ್ದು. ಹಾಗಾಗಿ ಹೊಗಳಿದರೂ ಬೈದರೂ ಯಾರೂ ಕೇಳುವ ಹಾಗಿಲ್ಲ.

ನಾನು ಜಗಳೂರು ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಟೀಚರ್, ಅಂದರೆ ಚಿಕ್ಕ ತರಗತಿಗಳನ್ನು ಒಟ್ಟಿಗೆ ಕೂರಿಸಿ ಆಟ, ಕಾರ್ಡುಗಳ ಮೂಲಕ ಕಲಿಸುವವಳು. ಒಂದರಿಂದ ಮೂರನೇ ತರಗತಿವರೆಗೆ ಸೇರಿ 23 ಮಕ್ಕಳು, ಒಂದೇ ಕೋಣೆ. ಪೆಟ್ಟಿಗೆಯ ಕಂಪನಿ ಹೆಸರು ಹೇಳುವುದಿಲ್ಲ. ಇಂಥವು ಈಗ ಬೇಕಾದಷ್ಟು ಸಿಗುತ್ತವೆ, ಒಳಗಿನ ಸರಕು ಹೆಚ್ಚು ಕಡಿಮೆ ಒಂದೇ. 44 ಕಾರ್ಡು, ಬೆನ್ನಿಗೆ ಮ್ಯಾಗ್ನೆಟ್ ಇರುವ ಪ್ಲಾಸ್ಟಿಕ್ ಅಕ್ಷರಗಳು, 6 ಪುಟ್ಟ ಕಥೆ ಪುಸ್ತಕ, ಟೀಚರ್‌ಗೊಂದು ಕೈಪಿಡಿ, ಮೊಬೈಲಿನಲ್ಲಿ ಕೇಳಿಸಲು ಕ್ಯೂಆರ್ ಕೋಡ್.

ಫೋನಿಕ್ಸ್ ಅಂದರೆ ಅಕ್ಷರದ ಹೆಸರು ಬಿಟ್ಟು ಅದರ ಸದ್ದು ಕಲಿಸುವುದು, ಅಷ್ಟೇ. 'ಸಿ ಎ ಟಿ ಕ್ಯಾಟ್' ಅಂತ ನಾವೆಲ್ಲ ರಾಗವಾಗಿ ಹಾಡಿದವರು. ಸಿ, ಎ, ಟಿ ಕೂಡಿಸಿದರೆ 'ಸಿಯೇಟಿ' ಆಗಬೇಕಿತ್ತು. ಕ್ಯಾಟ್ ಎಲ್ಲಿಂದ ಬಂತು ಅಂತ ನಾವ್ಯಾರೂ ಕೇಳಲಿಲ್ಲ. ನಾನು ಎ ಬಿ ಸಿ ಡಿ ನೋಡಿದ್ದೇ ಐದನೇ ತರಗತಿಯಲ್ಲಿ. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಅಷ್ಟೊತ್ತಿಗೆ ನನ್ನ ಬಾಯಿಪಾಠವೆಲ್ಲ ಮುಗಿದಿತ್ತು.

ಪೆಟ್ಟಿಗೆಯಲ್ಲಿ ನನಗೆ ಮೊದಲು ಹಿಡಿಸಿದ್ದು ಅಕ್ಷರಗಳ ಕ್ರಮ. ಎ ಬಿ ಸಿ ಅಂತ ಶುರುವಾಗುವುದಿಲ್ಲ. ಎಸ್, ಎ, ಟಿ, ಪಿ, ಐ, ಎನ್. ಹೆಡ್ ಮಾಸ್ಟರು ನೋಡಿ, 'ಇದೇನ್ರೀ ಟೀಚರ್, ಕಾರ್ಡು ಕಲಸಿಹೋಗಿದಾವೆ' ಅಂದರು. ಕಲಸಿಲ್ಲ. ಈ ಆರು ಬಂದರೆ ಸ್ಯಾಟ್, ಟ್ಯಾಪ್, ಪಿನ್, ಸಿಟ್, ನ್ಯಾಪ್ ಎಲ್ಲ ಓದಬಹುದು. ನಮ್ಮ ನಲಿ-ಕಲಿ ಕನ್ನಡ ಮಾಡುವುದೂ ಇದನ್ನೇ ಅಲ್ವಾ? ಅಲ್ಲೂ ಅ ಆ ಇ ಈ ಇಲ್ಲ. ರ ಗ ಸ ದ ಅ. ಈ ಐದಕ್ಕೇ ಸರ, ಅರಸ, ಅಗಸ, ಗರಗಸ ಹುಟ್ಟುತ್ತವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ನಮ್ಮದು. ಅದನ್ನು ಕಲಿಸಿದವರಿಗೆ ಈ ಪೆಟ್ಟಿಗೆ ಹೊಸದು ಅನ್ನಿಸುವುದೇ ಇಲ್ಲ.

ಆಮೇಲೆ ತೊಂದರೆ ಶುರು. ಮ್ಯಾಗ್ನೆಟ್ ಅಕ್ಷರ ಅಂಟಿಸುವುದು ಎಲ್ಲಿಗೆ? ನಮ್ಮದು ಗೋಡೆಗೆ ಸಿಮೆಂಟು ಮೆತ್ತಿ ಬಣ್ಣ ಬಳಿದ ಬೋರ್ಡು. ಅಂಟಲಿಲ್ಲ. ಬಿಸಿಯೂಟದ ಅಕ್ಕ ಅನ್ನದ ಪಾತ್ರೆಯ ದೊಡ್ಡ ಮುಚ್ಚಳ ತೊಳೆದು ಕೊಟ್ಟಳು. ಅಲ್ಯುಮಿನಿಯಂ, ಅದಕ್ಕೂ ಅಂಟಲಿಲ್ಲ. ಕೊನೆಗೆ ಮೂರನೇ ತರಗತಿಯ ಹುಡುಗನೊಬ್ಬ ಎಸ್ ಅಕ್ಷರ ಹಿಡಿದುಕೊಂಡು ಶಾಲೆಯೆಲ್ಲ ಸುತ್ತಿದ. ಕಿಟಕಿ ಸರಳಿಗೆ ಅಂಟಿತು, ಗಂಟೆಗೆ ಅಂಟಲಿಲ್ಲ, ಆಫೀಸಿನ ಬೀರುವಿಗೆ ಟಪ್ ಅಂತ ಕೂತಿತು. ಅವತ್ತಿಂದ ಇಂಗ್ಲಿಷ್ ಪಿರಿಯಡ್ಡು ಬೀರು ಮುಂದೆ. ಹಾಜರಿ ಪುಸ್ತಕ ತೆಗೆಯಬೇಕಾದರೆ ಹೆಡ್ ಮಾಸ್ಟರು 'ಪಿನ್' ಅನ್ನು ಪಕ್ಕಕ್ಕೆ ಸರಿಸಿ ಬಾಗಿಲು ತೆಗೆಯುತ್ತಾರೆ. ಸಣ್ಣದೊಂದು ತಗಡಿನ ಹಲಗೆ ಪೆಟ್ಟಿಗೆಯಲ್ಲೇ ಇಟ್ಟಿದ್ದರೆ ಕಂಪನಿ ಮುಳುಗಿ ಹೋಗುತ್ತಿತ್ತಾ?

ಇನ್ನು ಕ್ಯೂಆರ್ ಕೋಡಿನ ದನಿ. ಇದು ಶುದ್ಧ ತಪ್ಪು. ಬಿ ಕಾರ್ಡಿಗೆ ಆ ಹೆಂಗಸು 'ಬ' ಅನ್ನುತ್ತಾಳೆ, ಟಿ ಕಾರ್ಡಿಗೆ 'ಟ'. ಮಕ್ಕಳು ನಿಯತ್ತಾಗಿ ಕೂಡಿಸಿದರು: ಬ, ಆ್ಯ, ಟ. 'ಬಆ್ಯಟ'. ಎರಡು ದಿನ ಬ್ಯಾಟ್ ಹುಟ್ಟಲೇ ಇಲ್ಲ. ಬೇಕಾದದ್ದು ಬ್, ಟ್. ಬಾಲದಲ್ಲಿ ಅಕಾರ ಇರಬಾರದು. ಕೈಪಿಡಿಯಲ್ಲಿ ಇದರ ಸುದ್ದಿಯೇ ಇಲ್ಲ. ಬದಲಿಗೆ ತರಗತಿಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬೇಡಿ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ.

ನಾನು ಆಡಿದೆ. ಬೋರ್ಡಿನ ಮೇಲೆ ಕ್ + ಅ = ಕ, ಕ್ + ಇ = ಕಿ ಅಂತ ಬರೆದೆ. ಮಕ್ಕಳಿಗೆ ಗೊತ್ತಿರುವ ಕಾಗುಣಿತ. ಅದರ ಕೆಳಗೇ ಪ್ + ಇ + ನ್. ಮುಂದಿನ ಸಾಲಿನ ಹುಡುಗಿ ತುಟಿ ಅಲ್ಲಾಡಿಸಿದಳು, ಆಮೇಲೆ ಕೂಗಿದಳು: 'ಪಿನ್! ಮಿಸ್, ಇದು ಕಾಗುಣಿತನೇ!' ಹೌದು ಕಣೆ. ಸದ್ದು ಕೂಡಿಸುವ ವಿದ್ಯೆಯನ್ನು ನಮ್ಮ ಮಕ್ಕಳು ಕನ್ನಡದಿಂದಲೇ ತಂದಿರುತ್ತಾರೆ. ಈ ಪೆಟ್ಟಿಗೆ ಮಾಡಿದವರು ಮಾತ್ರ ಮಕ್ಕಳು ಭಾಷೆಯೇ ಇಲ್ಲದೆ ಬಂದಿದ್ದಾರೆ ಅಂದುಕೊಂಡಿದ್ದಾರೆ. ನನ್ನ ದೊಡ್ಡ ತಕರಾರು ಇದೇ.

'ಆ್ಯ' ಸದ್ದಿಗೂ ಹಾಗೇ ಆಯ್ತು. ಕನ್ನಡ ವರ್ಣಮಾಲೆಯ 49ರಲ್ಲಿ ಅದಕ್ಕೆ ಅಕ್ಷರ ಇಲ್ಲ. ಕೈಪಿಡಿಯಲ್ಲಿ ಬಾಯಿ ಹೇಗೆ ತೆರೆಯಬೇಕು ಅಂತ ಅರ್ಧ ಪುಟ ಚಿತ್ರ ಇದೆ. ನಮ್ಮೂರ ಮಕ್ಕಳಿಗೆ ಅದು ಬೇಕೇ ಇಲ್ಲ. ದಿನಕ್ಕೆ ನೂರು ಸಲ 'ಬ್ಯಾಡ ಮಿಸ್', 'ಮ್ಯಾಲೆ ಐತೆ ಮಿಸ್' ಅನ್ನುವವರು. 'ಬ್ಯಾಡ ಅನ್ನು. ಈಗ ಡ ಬಿಟ್ಟು ಟ್ ಹಾಕು' ಅಂದೆ. ಬ್ಯಾಟ್ ಬಂತು. ಶುದ್ಧವಾಗಿ 'ಬೇಡ' ಅನ್ನಿ ಅಂತ ಈ ಮಕ್ಕಳನ್ನು ಮೂರು ವರ್ಷದಿಂದ ತಿದ್ದುತ್ತಿದ್ದವಳು ನಾನೇ. ನಗು ಬಂತು.

ಚಿತ್ರಗಳ ಕಾಗದ ಗಟ್ಟಿ, ಬಣ್ಣ ಚೆಂದ. ಆರಿಸಿದವರು ಮಾತ್ರ ಯಾವ ದೇಶದಲ್ಲಿದ್ದಾರೋ. ಐ ಅಕ್ಷರಕ್ಕೆ ಇಗ್ಲೂ, ಅಂದರೆ ಹಿಮದ ಮನೆ. 'ಏನಿದು?' ಅಂದರೆ 'ಬಿಳೀ ಬಣವೆ ಮಿಸ್, ಬಾಗ್ಲು ಇಟ್ಟಾರೆ' ಅಂದರು. ಇಂಕ್ ಅಂತ ಚೀಟಿ ಅಂಟಿಸಿದೆ. ಎಕ್ಸ್‌ಗೆ ಜೈಲೋಫೋನ್. ಆ ಪದದಲ್ಲಿ ಕೇಳಿಸುವುದು ಜ್, ಕಲಿಸಬೇಕಾದದ್ದು ಕ್ಸ್. ಬಾಕ್ಸ್ ಅಂತ ಬರೆದು, ಈ ಪೆಟ್ಟಿಗೆಯ ಚಿತ್ರವನ್ನೇ ಬಿಡಿಸಿದೆ.

ಕಥೆ ಪುಸ್ತಕಗಳಲ್ಲಿ ನಾಲ್ಕು ಪರವಾಗಿಲ್ಲ, ಎರಡು ಬೇಜಾರು. ಒಂದರಲ್ಲಿ 'ಹೆನ್ ಇನ್ ಎ ಪೆನ್' ಅಂತಿದೆ. ಓದಿದರು, ಚೆನ್ನಾಗಿಯೇ ಓದಿದರು. ಓದಿ ಒಬ್ಬ ಕೇಳಿದ: 'ಪೆನ್ನಿನೊಳಗೆ ಕೋಳಿ ಹೆಂಗೆ ಹೊಕ್ಕೀತು ಮಿಸ್?' ಪೆನ್ ಅಂದರೆ ದೊಡ್ಡಿ ಅಂತಲೂ ಇದೆ ಅಂತ ಹೇಳುವಷ್ಟರಲ್ಲಿ ಬೆಲ್ ಆಯ್ತು. ಓದುವುದು ಬೇರೆ, ಅರ್ಥ ಆಗುವುದು ಬೇರೆ. ಫೋನಿಕ್ಸ್ ಮೊದಲನೆಯದಕ್ಕೆ ಮಾತ್ರ. ಮಾತಾಡುವ ಇಂಗ್ಲಿಷಿಗೆ ಹಾಡು, ಆಟ, 'ಕಮ್ ಹಿಯರ್', 'ಗಿವ್ ಮಿ ದ ಚಾಕ್' ಎಲ್ಲ ಬೇರೆಯೇ ಬೇಕು. ಪೆಟ್ಟಿಗೆ ತಂದರೆ ಮಕ್ಕಳು ಟಸ್ಸು ಪುಸ್ಸು ಅಂತಾರೆ ಅಂದುಕೊಂಡು ದುಡ್ಡು ಹಾಕಬೇಡಿ.

ಪುಟ್, ಬಟ್ ಜಗಳ ಇದ್ದೇ ಇದೆ. ಎರಡರಲ್ಲೂ ಯು, ಸದ್ದು ಮಾತ್ರ ಬೇರೆ ಬೇರೆ. ಇಂಥ ಮೊಂಡು ಪದಗಳಿಗೆ ಬೇರೆಯೇ ಕೆಂಪು ಕಾರ್ಡು ಕೊಟ್ಟಿದ್ದಾರೆ, ಅದು ಒಳ್ಳೆಯದು. ಮಕ್ಕಳು ಅವಕ್ಕೆ 'ಹಟಮಾರಿ ಕಾರ್ಡು' ಅಂತ ಹೆಸರಿಟ್ಟಿದ್ದಾರೆ.

ಎಂಟು ತಿಂಗಳಾಯ್ತು. ಎರಡು, ಮೂರನೇ ತರಗತಿಯ 16 ಮಕ್ಕಳಲ್ಲಿ 11 ಜನ ಹಿಂದೆಂದೂ ನೋಡದ ಮೂರಕ್ಷರದ ಪದವನ್ನು ತಾವೇ ಕೂಡಿಸಿ ಓದುತ್ತಾರೆ. ಹೋದ ವರ್ಷ ಇಷ್ಟೊತ್ತಿಗೆ ಪಾಠದ ಪುಟ ನೋಡದೆಯೇ ಒಪ್ಪಿಸುತ್ತಿದ್ದರು. ಪುಟ ತಿರುವಿದರೂ ಹಿಂದಿನ ಪಾಠವೇ ಬರುತ್ತಿತ್ತು. ಉಳಿದ ಐವರಲ್ಲಿ ಇಬ್ಬರಿಗೆ ಕನ್ನಡವೇ ಇನ್ನೂ ಕೈಗೆ ಬಂದಿಲ್ಲ. ಅವರಿಗೆ ಈ ಪೆಟ್ಟಿಗೆ ಸದ್ಯಕ್ಕೆ ಬೇಡ.

ಐದಕ್ಕೆ ಮೂರು ಕೊಡುತ್ತೇನೆ. ತಗೊಳ್ಳುವವರು ಒಂದು ನೋಡಿಕೊಳ್ಳಿ: ಪ್ರತಿ ಅಕ್ಷರ ಎಷ್ಟೆಷ್ಟಿದೆ ಅಂತ. ಇದರಲ್ಲಿ ಎಲ್ಲವೂ ಎರಡೆರಡೇ. ಝಡ್ ಎರಡು ಯಾರಿಗೆ ಬೇಕು? ಬನಾನ ಬರೆಯಲು ಎ ಮೂರು ಬೇಕು. ಎರಡೂ ಯು ಕಳೆದುಹೋದ ದಿನ ಮಕ್ಕಳು ಎನ್ ಅನ್ನು ತಲೆಕೆಳಗು ಮಾಡಿ 'ಸನ್' ಬರೆದರು. ಎ ಅನ್ನು ಹಾಗೆ ಯಾಮಾರಿಸಲು ಆಗುವುದಿಲ್ಲ. ಅಂಗಡಿಗೆ ಹೋಗಿ ಕೇಳಿದೆ. 'ಬಿಡಿ ಅಕ್ಷರ ಕೊಡಲ್ಲ ಮೇಡಮ್ಮೋರೆ, ಇನ್ನೊಂದು ಸೆಟ್ಟೇ ತಗಳ್ಳಿ' ಅಂದರು. ವಾಪಸು ಬಂದು ಹಳೇ ಲಗ್ನಪತ್ರಿಕೆ ಕತ್ತರಿಸಿ ಆರು ಎ, ಆರು ಇ ಮಾಡಿ ಸೆಲೋ ಟೇಪಿನಿಂದ ಅಂಟಿಸಿದೆ. ಈಗ ಬೀರು ಮೇಲಿನ ಬನಾನದಲ್ಲಿ ಎರಡು ಎ ಪ್ಲಾಸ್ಟಿಕ್ಕು, ಮೂರನೆಯದರ ಮೇಲೆ ಅರ್ಧ ಗಣಪತಿ.