ವಿಚರ್ 3: ವರ್ಷಗಟ್ಟಲೆ ಆಡಿದವನ ಮಾತು

ನಾನು ಕಥೆಗಾಗಿ ಆಟ ಆಡುವವನು. ಆನ್‌ಲೈನ್‌ನಲ್ಲಿ ಗುಂಡು ಹಾರಿಸಿ ರ‍್ಯಾಂಕ್ ಏರಿಸಿಕೊಳ್ಳುವ ಹುಚ್ಚು ನನಗೆ ಹತ್ತಲೇ ಇಲ್ಲ. ಚಿಕ್ಕಮಗಳೂರಿನ ಬ್ರೌಸಿಂಗ್ ಸೆಂಟರ್‌ನಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಆಡುತ್ತಿದ್ದ ಕಾಲದಿಂದ ಇವತ್ತಿನವರೆಗೆ ಬೇಕಾದಷ್ಟು ಆಟ ನೋಡಿದ್ದೇನೆ. ಹಾರ್ಡ್ ಡಿಸ್ಕ್ ತುಂಬಿದಾಗಲೆಲ್ಲ ಒಂದೊಂದಾಗಿ ತೆಗೆದುಹಾಕುತ್ತೇನೆ. ವಿಚರ್ 3 ತೆಗೆಯೋಕೆ ಮಾತ್ರ ಮನಸ್ಸು ಬಂದಿಲ್ಲ.

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿ ಮಾಡಿದ ವಿಡಿಯೋ ಗೇಮ್ ಇದು. 2015ರ ಮೇ 19ಕ್ಕೆ ಬಂತು. 2023ರ ಹೊತ್ತಿಗೆ 5 ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾಗಿತ್ತು. ದುಡ್ಡಿಗಾಗಿ ರಾಕ್ಷಸ ಪ್ರಾಣಿಗಳನ್ನು ಕೊಲ್ಲುವ ಜೆರಾಲ್ಟ್ ಎಂಬವನು ತನ್ನ ಸಾಕುಮಗಳು ಸಿರಿಯನ್ನು ಹುಡುಕಿಕೊಂಡು ಊರೂರು ಅಲೆಯುತ್ತಾನೆ. ಹೇಳೋಕೆ ಹೋದರೆ ಕಥೆ ಇಷ್ಟೇ. ಅವನು ಹೋಗುವ ದಾರಿಯಲ್ಲಿ ಸಿಗುವ ಜನ ಇದ್ದಾರಲ್ಲ, ಆಟದ ಜೀವ ಇರೋದು ಅವರಲ್ಲಿ.

ಇಲ್ಲಿಂದ ಮುಂದೆ ಸ್ವಲ್ಪ ಕಥೆ ಬಿಟ್ಟುಕೊಡುತ್ತೇನೆ. ಬೇಡ ಅನ್ನೋರು ನಾಲ್ಕು ಪ್ಯಾರಾ ದಾಟಿ ಹೋಗಿ.

ವೆಲೆನ್ ಎಂಬ ಯುದ್ಧದಿಂದ ಹಾಳಾದ ಸೀಮೆಯಲ್ಲಿ ಒಬ್ಬ ಬ್ಯಾರನ್, ಅಂದರೆ ಪಾಳೇಗಾರನಂಥವನು, ಇದ್ದಾನೆ. ಹೆಂಡತಿ, ಮಗಳು ಇಬ್ಬರೂ ಮನೆ ಬಿಟ್ಟು ಹೋಗಿದ್ದಾರೆ, ಹುಡುಕಿಕೊಡು ಅಂತ ಜೆರಾಲ್ಟ್‌ನನ್ನು ಕೇಳುತ್ತಾನೆ. ಹುಡುಕುತ್ತಾ ಹೋದ ಹಾಗೆ ಒಂದೊಂದೇ ಸಂಗತಿ ಹೊರಬೀಳುತ್ತದೆ. ಇವನು ಕುಡಿದು ಹೆಂಡತಿಗೆ ಹೊಡೆಯುತ್ತಿದ್ದವನು. ಅವಳಿಗೆ ಗರ್ಭ ಇಳಿದಿದೆ. ಆ ಭ್ರೂಣವನ್ನು ಹೆಸರಿಡದೆ, ಶಾಸ್ತ್ರ ಮಾಡದೆ ಹೂತದ್ದಕ್ಕೆ ಅದು ಪಿಶಾಚಿಯಾಗಿ ಎದ್ದಿದೆ. ಅದನ್ನು ಕಡಿದು ಹಾಕಬಹುದು. ಇಲ್ಲವೇ ಬ್ಯಾರನ್ನೇ ಅದನ್ನು ಎತ್ತಿಕೊಂಡು ಮನೆಯ ಹೊಸ್ತಿಲವರೆಗೆ ನಡೆದು, ಹೆಸರಿಟ್ಟು, ಮಗಳೇ ಅಂತ ಒಪ್ಪಿಕೊಂಡು ಹೊಸ್ತಿಲ ಕೆಳಗೆ ಹೂಳಬೇಕು. ರಾತ್ರಿ ಹೊತ್ತು ಆ ದಡೂತಿ ಆಸಾಮಿ ಅದನ್ನು ಎದೆಗೆ ಅವುಚಿಕೊಂಡು ನಡೆಯುತ್ತಾನೆ. ದಾರಿಯಲ್ಲಿ ಪ್ರೇತಗಳು ಬಂದು ಮುತ್ತುತ್ತವೆ. ಅವನ್ನು ಓಡಿಸುವ ಕೆಲಸವೂ, ಮಧ್ಯೆ ಕೆರಳುವ ಆ ಮಗುವನ್ನು ಸಮಾಧಾನ ಮಾಡುವ ಕೆಲಸವೂ ನಮ್ಮದೇ.

ನಾನು ಇದನ್ನು ಆಡುವಾಗ ಅಮ್ಮ ಹಿಂದೆ ಬಂದು ನಿಂತಿದ್ದರು. “ಎಲ್ಲಿಗೆ ಎತ್ಕೊಂಡು ಹೋಗ್ತಿದಾನೋ ಅದನ್ನ?” ಅಂದರು. ನನಗೆ ಗೊತ್ತಿದ್ದಷ್ಟು ಕನ್ನಡದಲ್ಲಿ ಹೇಳಿದೆ. ಹೊಸ್ತಿಲು ಅಂದ ತಕ್ಷಣ ಕುರ್ಚಿ ಎಳೆದುಕೊಂಡು ಕೂತರು. ದಿನಾ ಹೊಸ್ತಿಲು ತೊಳೆದು ರಂಗೋಲಿ ಇಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? “ಹೆಸರಿಟ್ನಾ?” ಅಂದರು. “ಇಟ್ಟ ಅಮ್ಮ, ದಿಯಾ ಅಂತ.” ಸ್ವಲ್ಪ ಹೊತ್ತು ಸುಮ್ನಿದ್ದು, “ಹೆಂಡ್ತೀನ ಮೊದ್ಲೇ ನೆಟ್ಟಗೆ ನೋಡ್ಕೊಂಡಿದ್ರೆ ಇದೆಲ್ಲ ಯಾಕೆ ಬೇಕಿತ್ತು” ಅಂದರು. ಆಟ ಬರೆದವರೂ ಇದೇ ಲೆಕ್ಕ ಇಟ್ಟಿದ್ದಾರೆ. ಬ್ಯಾರನ್ ಅಳುತ್ತಾನೆ, ಅವನ ಸಂಕಟ ಸುಳ್ಳಲ್ಲ. ಹಾಗಂತ ಅವನು ಮಾಡಿದ್ದು ಅಳಿಸಿಹೋಗುವುದಿಲ್ಲ. ಎರಡನ್ನೂ ಒಟ್ಟಿಗೆ ಹಿಡಿದಿಡೋದು ಎಷ್ಟು ಕಷ್ಟ ಅಂತ ಕಥೆ ಬರೆಯೋರಿಗೆ ಗೊತ್ತು.

ಇದೇ ಸೀಮೆಯಲ್ಲಿ ಒಂದು ಮರದ ಬುಡದಲ್ಲಿ ಸೆರೆಯಾಗಿರುವ ಚೇತನ ಇದೆ. ಬಿಡಿಸಿದರೆ ಜೌಗಿನಲ್ಲಿರುವ ಅನಾಥ ಮಕ್ಕಳನ್ನು ಉಳಿಸುತ್ತೇನೆ ಅನ್ನುತ್ತದೆ. ಬಿಡಿಸಿದರೆ ಮಕ್ಕಳು ಉಳಿಯುತ್ತಾರೆ, ಬ್ಯಾರನ್ನಿನ ಹೆಂಡತಿ ಸಾಯುತ್ತಾಳೆ, ಅವನು ನೇಣು ಹಾಕಿಕೊಳ್ಳುತ್ತಾನೆ. ಆ ಚೇತನವನ್ನು ಕೊಂದರೆ ಅವಳು ಬುದ್ಧಿ ಕೆಟ್ಟು ಬದುಕುತ್ತಾಳೆ, ಮಕ್ಕಳು ಹೋಗುತ್ತಾರೆ. ಆಯ್ಕೆ ಮಾಡುವಾಗ ಇದು ಯಾವುದೂ ನಮಗೆ ಗೊತ್ತಿರುವುದಿಲ್ಲ. ಎಷ್ಟೋ ಆಟಗಳಲ್ಲಿ ಒಳ್ಳೆಯ ಉತ್ತರ ನೀಲಿ ಬಣ್ಣದಲ್ಲಿ, ಕೆಟ್ಟದ್ದು ಕೆಂಪಿನಲ್ಲಿ ಬರೆದಿರುತ್ತದೆ. ಇಲ್ಲಿ ಆ ಸುಖ ಇಲ್ಲ. ಎರಡು ದಾರಿಯನ್ನೂ ಆಡಿ ನೋಡಿದ್ದೇನೆ, ಯಾವುದರಲ್ಲೂ ನೆಮ್ಮದಿ ಸಿಗಲಿಲ್ಲ. ಅದಕ್ಕೇ ನನಗೆ ಈ ಆಟದ ಮೇಲೆ ಗೌರವ.

ಸಣ್ಣ ಕೆಲಸಗಳಲ್ಲೂ ಅದೇ ಶ್ರದ್ಧೆ. ಶುರುವಿನ ಊರಲ್ಲಿ ಒಬ್ಬ ಅಜ್ಜಿ ತನ್ನ ಬಾಣಲೆ ಹುಡುಕಿಕೊಡು ಅನ್ನುತ್ತಾಳೆ. ಬಾಣಲೆಯ ಜೊತೆಗೆ ಅಲ್ಲೊಂದು ಹೆಣ, ಸುಟ್ಟ ಕಾಗದ ಸಿಗುತ್ತವೆ. ಐದು ನಿಮಿಷದ ಕೆಲಸಕ್ಕೂ ಹಿಂದೊಂದು ಕಥೆ.

ಈಗ ದುಡ್ಡಿನ ಮಾತು. ಮುಖ್ಯ ಕಥೆಗೇ ಸುಮಾರು 50 ಗಂಟೆ ಬೇಕು. ಆಮೇಲೆ 16 ಸಣ್ಣ ಸೇರ್ಪಡೆಗಳನ್ನು ಪುಕ್ಕಟೆ ಕೊಟ್ಟರು. ದುಡ್ಡಿಗೆ ಮಾರಿದ್ದು ಎರಡು ದೊಡ್ಡ ವಿಸ್ತರಣೆಗಳನ್ನೇ: 2015ರ ಹಾರ್ಟ್ಸ್ ಆಫ್ ಸ್ಟೋನ್, 2016ರ ಬ್ಲಡ್ ಆಂಡ್ ವೈನ್. 2022ರ ಡಿಸೆಂಬರ್‌ನಲ್ಲಿ ಹೊಸ ಗ್ರಾಫಿಕ್ಸ್‌ನ ಅಪ್‌ಡೇಟ್ ಬಂತು, ಮೊದಲೇ ಕೊಂಡವರಿಗೆ ಅದೂ ಉಚಿತ. ಮಾರಿ ಏಳು ವರ್ಷವಾದ ಮಾಲಿಗೆ ಇಷ್ಟು ಮಾಡೋರು ಎಷ್ಟು ಜನ ಇದ್ದಾರೆ?

ನಮ್ಮ ಕಡೆಯವರು ಇನ್ನೊಂದು ವಿಷಯ ನೋಡಲೇಬೇಕು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟು ಹೋಯ್ತು, ನೆಟ್ಟೂ ಹೋಯ್ತು. ಕರೆಂಟು ಬಂದರೂ ನೆಟ್ ಬರೋಕೆ ಇನ್ನಷ್ಟು ದಿನ. ಒಬ್ಬರೇ ಆಡುವ ಆಟಕ್ಕೂ ಪ್ರತಿ ಸಲ ಲಾಗಿನ್ ಕೇಳುವ ಆಟಗಳು ಆಗ ನಿಷ್ಪ್ರಯೋಜಕ. ಅಂಥದ್ದೊಂದನ್ನು ಪೂರ್ತಿ ಬೆಲೆ ಕೊಟ್ಟು ಕೊಂಡು ಆಷಾಢವಿಡೀ ಮುಟ್ಟೋಕೆ ಆಗದೆ ಬಿಟ್ಟಿದ್ದೇನೆ. ವಿಚರ್ 3 ನೆಟ್ ಇಲ್ಲದೆ ನಡೆಯುತ್ತದೆ. ಜಿಒಜಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡರೆ ಡಿಆರ್‌ಎಂ ಬೀಗವೂ (ದುಡ್ಡು ಕೊಟ್ಟು ಕೊಂಡವರೇ ಹೌದಾ ಅಂತ ನೋಡುವ ಏರ್ಪಾಡು) ಇಲ್ಲ, ಇನ್‌ಸ್ಟಾಲರ್ ಫೈಲನ್ನು ಇಳಿಸಿ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು. ನಾನು ಹಾಗೇ ಇಟ್ಟುಕೊಂಡಿದ್ದೇನೆ.

ಇದು ಬರೀ ಮಲೆನಾಡಿನ ತಾಪತ್ರಯ ಅಂದುಕೊಳ್ಳಬೇಡಿ. 2014ರಲ್ಲಿ ಬಂದ ದಿ ಕ್ರೂ ಎಂಬ ಕಾರ್ ರೇಸ್ ಆಟದ ಸರ್ವರ್ 2024ರ ಮಾರ್ಚ್ 31ಕ್ಕೆ ನಿಂತಿತು. ಆಟಕ್ಕೆ ಯಾವಾಗಲೂ ಸರ್ವರ್ ಬೇಕಿದ್ದರಿಂದ ಡಿಸ್ಕ್ ಕೊಂಡವರಿಗೂ ಆಮೇಲೆ ಆಡೋಕೆ ಆಗಲಿಲ್ಲ. ದುಡ್ಡು ಕೊಟ್ಟ ವಸ್ತು ನಮ್ಮ ಕೈಲಿ ಉಳಿಯಬೇಕು. ಗಂಟೆಗೆ ಎಷ್ಟು ರೂಪಾಯಿ ಬಿತ್ತು ಅನ್ನೋ ಲೆಕ್ಕಕ್ಕಿಂತ ನಾನು ಇದನ್ನೇ ಮೊದಲು ನೋಡುತ್ತೇನೆ.

ಕೊರತೆ ಇಲ್ಲ ಅಂತಲ್ಲ. ಕತ್ತಿ ಕಾಳಗ ಮೊದಮೊದಲು ಚೆನ್ನಾಗಿರುತ್ತದೆ, ಅರ್ಧ ದಾಟಿದ ಮೇಲೆ ಬೇಸರ. ಕುದುರೆ ಬೇಲಿ ಪಕ್ಕ ಸಿಕ್ಕಿ ನಿಂತುಬಿಡುತ್ತದೆ. ಆಟದ ನಕ್ಷೆಯಲ್ಲಿ ಸ್ಕೆಲಿಗೆ ಎಂಬ ದ್ವೀಪಗಳ ಸುತ್ತ ಸಮುದ್ರದ ತುಂಬ ಪ್ರಶ್ನೆ ಚಿಹ್ನೆ ಚೆಲ್ಲಿದ್ದಾರೆ. ದೋಣಿ ತಗೊಂಡು ಹೋದರೆ ಮುಳುಗಿದ ಪೆಟ್ಟಿಗೆ, ಒಳಗೆ ಮಾರಿ ಬಿಡುವಂಥ ಸಾಮಾನು. ಕಥೆ ಬರೆದವರ ಕೈ ಅಲ್ಲಿ ಎಲ್ಲೂ ಕಾಣಲ್ಲ. ಅದನ್ನು ಮುಟ್ಟಬೇಡಿ. ಕನ್ನಡದಲ್ಲಿ ಸಬ್‌ಟೈಟಲ್ ಇಲ್ಲ ಅನ್ನೋದು ನನಗೆ ನಿಜಕ್ಕೂ ನೋವಿನ ವಿಷಯ. ಅಮ್ಮನಂಥವರು ತಾವೇ ಓದಿಕೊಂಡು ಆಡುವಂಥ ಕಥೆ ಇದು. ಮಕ್ಕಳಿಗೆ ಮಾತ್ರ ಕೊಡಬೇಡಿ. ರಕ್ತ, ಬೆತ್ತಲೆ ಎಲ್ಲ ಇದೆ, ದೊಡ್ಡವರ ಆಟವೇ.

ಕೊಳ್ಳೋರಿಗೆ ಒಂದೆರಡು ಮಾತು. ಎರಡೂ ವಿಸ್ತರಣೆ ಸೇರಿದ ಕಂಪ್ಲೀಟ್ ಎಡಿಷನ್ನೇ ತಗೊಳ್ಳಿ. ಸೇಲ್ ಬರುವವರೆಗೆ ಕಾಯಿರಿ, ಶೇಕಡಾ 80ರಷ್ಟು ರಿಯಾಯಿತಿ ಎಷ್ಟೋ ಸಲ ಬಂದಿದೆ. 50 ಜಿಬಿ ಜಾಗ ಇಟ್ಟುಕೊಳ್ಳಿ. ಗ್ರಾಫಿಕ್ಸ್ ಕಾರ್ಡ್ ಹಳೆಯದಾದರೆ ಡೈರೆಕ್ಟ್ಎಕ್ಸ್ (ಪರದೆ ಮೇಲೆ ಚಿತ್ರ ಮೂಡಿಸುವ ತಂತ್ರಾಂಶ) 11ರಲ್ಲಿ ಶುರು ಮಾಡಿ, 12 ಅದಕ್ಕೆ ಭಾರ. ಯುಪಿಎಸ್ ಇಲ್ಲದೆ ಕೂರಬೇಡಿ. ಮತ್ತೆ ಬ್ಲಡ್ ಆಂಡ್ ವೈನನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ. ಅದರಲ್ಲಿ ಜೆರಾಲ್ಟ್‌ಗೆ ಸ್ವಂತ ಮನೆ, ದ್ರಾಕ್ಷಿ ತೋಟ ಸಿಗುತ್ತದೆ. ತೋಟದ ಕಡೆಯವರು ಅಲ್ಲಿಗೆ ಮೊದಲೇ ಹೋದರೆ ವೆಲೆನ್‌ಗೆ ವಾಪಸ್ ಬರೋದು ಕಷ್ಟ.